ಸರ್ಟಿಫಿಕೇಶನ್ ಪರೀಕ್ಷೆಗೆ ಹೊರಟವರಿಗೆ: ಗಾಜಿನ ಈಚೆ ಕೂತವಳ ಮಾತು

ಬೆಳಗಾವಿಯ ಒಂದು ಪರೀಕ್ಷಾ ಸೆಂಟರಿನಲ್ಲಿ ನನ್ನ ಕೆಲಸ. ಬಂದವರ ಐಡಿ ನೋಡುವುದು, ಫೋಟೋ ತೆಗೆಯುವುದು, ಸಹಿ ಹಾಕಿಸುವುದು, ಕಿಸೆ ತಪಾಸಣೆ ಮಾಡುವುದು, ಒಳಗೆ ಕೂರಿಸುವುದು. ಆಮೇಲೆ ಗಾಜಿನ ಈಚೆ ಕೂತು ಕಣ್ಣಿಟ್ಟಿರುವುದು. ನೆಟ್‌ವರ್ಕಿನದ್ದಾದ ಸಿಸ್ಕೋದ ಸಿಸಿಎನ್ಎ, ಕ್ಲೌಡಿನವಾದ ಮೈಕ್ರೋಸಾಫ್ಟಿನ ಅಜೂರ್, ಅಮೆಜಾನಿನ ಎಡಬ್ಲ್ಯೂಎಸ್, ಕಂಪ್ಯೂಟರ್ ಭದ್ರತೆಯದಾದ ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್, ಹೀಗೆ ಐಟಿ ಕೆಲಸಕ್ಕೆ ಬೇಕಾಗುವ ತರಹೇವಾರಿ ಪರೀಕ್ಷೆಗಳು. ಬರುವವರು ಊರಿನವರಷ್ಟೇ ಅಲ್ಲ. ಗೋಕಾಕ, ಚಿಕ್ಕೋಡಿ, ಜಮಖಂಡಿ, ಬಾಗಲಕೋಟೆ, ವಿಜಯಪುರದ ಹುಡುಗ ಹುಡುಗಿಯರೂ ಬರುತ್ತಾರೆ. ಇತ್ತೀಚೆಗೆ ಮಕ್ಕಳು ಕಾಲೇಜಿಗೆ ಹೋಗುವ ವಯಸ್ಸಿನವರೂ ಜಾಸ್ತಿ ಬರುತ್ತಿದ್ದಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಪಿ ಹೊಡೆಯಲೆಂದೇ ಬರುವವರು ಬಹಳ ಕಡಿಮೆ. ನಿಯಮಕ್ಕೆ ಸಿಕ್ಕಿ ಒದ್ದಾಡುವವರಲ್ಲಿ ಹೆಚ್ಚಿನವರು ಚೆನ್ನಾಗಿ ಓದಿಕೊಂಡು ಬಂದವರೇ. ಅವರಿಗೆ ಅಡ್ಡ ಬರುವುದು ಹಳೆಯ ಅಭ್ಯಾಸ. ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಪರೀಕ್ಷೆಗಳಲ್ಲಿ ನಾವು ಕಲಿತದ್ದೇ ಬೇರೆ. ಎರಡು ನಿಮಿಷ ತಡವಾದರೆ ಸರ್ ಬಿಡುತ್ತಾರೆ. ಪೆನ್ನು ನಿಂತರೆ ಪಕ್ಕದವನದು ಕೇಳಬಹುದು. ಪ್ರಶ್ನೆ ಅರ್ಥವಾಗದಿದ್ದರೆ ಮೇಡಂ ಸ್ವಲ್ಪ ಬಿಡಿಸಿ ಹೇಳುತ್ತಾರೆ. ಇಲ್ಲಿ ಅದ್ಯಾವುದೂ ನಡೆಯುವುದಿಲ್ಲ. ನನಗೆ ಮನಸ್ಸಿಲ್ಲ ಅಂತಲ್ಲ. ಒಳಗೆ ನಡೆಯುವುದೆಲ್ಲ ರೆಕಾರ್ಡ್ ಆಗುತ್ತದೆ. ಅದನ್ನು ಬೇರೆ ಎಲ್ಲೋ ಕೂತ, ನಿಮ್ಮ ಪರಿಚಯವೇ ಇಲ್ಲದವರು ನೋಡಬಹುದು. ನೀವು ಒಳ್ಳೆಯವರು ಅಂತ ಅವರಿಗೆ ಗೊತ್ತಿರುವುದಿಲ್ಲ. ಕೈ ಕಿಸೆಗೆ ಹೋಯಿತು ಅನ್ನುವುದಷ್ಟೇ ಅವರಿಗೆ ಕಾಣುತ್ತದೆ. ಹಾಗಾಗಿ ಕೆಳಗಿನದ್ದೆಲ್ಲ ಒಂದೇ ಉದ್ದೇಶಕ್ಕೆ: ನಿಮ್ಮ ಕೈಕಾಲು, ಬಾಯಿ, ಕಿಸೆ ಯಾವುದೂ ನಿಮ್ಮ ವಿರುದ್ಧ ಸಾಕ್ಷಿ ಹೇಳಬಾರದು.

ಹೆಸರಿನಿಂದ ಶುರು ಮಾಡಿ

ನಮ್ಮ ಕಡೆಯ ಹೆಸರುಗಳದ್ದು ದೊಡ್ಡ ಕಥೆ. ಉದಾಹರಣೆಗೆ ಬಸವರಾಜ ಶಿವಪ್ಪ ಹಿರೇಮಠ ಅಂತ ಒಬ್ಬರಿದ್ದಾರೆ ಅಂದುಕೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲಿ ಹಿರೇಮಠ ಮೊದಲು, ಬಸವರಾಜ ಆಮೇಲೆ, ಅಪ್ಪನ ಹೆಸರಿಗೆ ಬರೀ ಇನಿಶಿಯಲ್. ಆಧಾರಿನಲ್ಲಿ ಮೂರೂ ಪೂರ್ತಿ. ಪರೀಕ್ಷೆಗೆ ಅಕೌಂಟ್ ತೆರೆದದ್ದು ಮಾತ್ರ ಜಿಮೇಲಿನಲ್ಲಿರುವ ಹಾಗೆ, ಬಸು ಹಿರೇಮಠ ಅಂತ. ಇವರು ನಮ್ಮ ಮುಂದೆ ಬಂದು ನಿಂತಾಗ ನಾನು ಏನು ಮಾಡಬೇಕು? ಊರವರಿಗೆಲ್ಲ ಇವರು ಬಸು ಅಂತಲೇ ಗೊತ್ತು, ನಿಜ. ಸಿಸ್ಟಮ್‌ಗೆ ಗೊತ್ತಿಲ್ಲ. ಬುಕಿಂಗ್‌ನಲ್ಲಿರುವ ಹೆಸರು ಐಡಿಯಲ್ಲಿರುವ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಪರೀಕ್ಷೆ ಇಲ್ಲ, ಹೆಚ್ಚಿನ ಸಲ ಫೀಸೂ ವಾಪಸ್ ಇಲ್ಲ. ಸಿಸಿಎನ್ಎ ಫೀಸು 300 ಡಾಲರ್, ಮೇಲೆ ತೆರಿಗೆ. ಎಡಬ್ಲ್ಯೂಎಸ್ ಅಸೋಸಿಯೇಟ್ ಮಟ್ಟದ್ದು 150 ಡಾಲರ್. ಒಂದು ಅಡ್ಡಹೆಸರಿಗೆ ಅಷ್ಟು ದುಡ್ಡು ಹೋಗುವುದನ್ನು ನೋಡಿದರೆ ನನಗೇ ಹೊಟ್ಟೆ ಉರಿಯುತ್ತದೆ.

ಮದುವೆಯಾದ ಹೆಣ್ಣುಮಕ್ಕಳದ್ದು ಇನ್ನೂ ಗೋಜಲು. ನಮ್ಮ ಭಾಗದಲ್ಲಿ ಕೆಲವು ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರನ್ನೇ ಬದಲಿಸುತ್ತಾರೆ, ಅಡ್ಡಹೆಸರಂತೂ ಬದಲಾಗುವುದೇ. ಡಿಗ್ರಿ ಸರ್ಟಿಫಿಕೇಟ್ ತವರಿನ ಹೆಸರಿನಲ್ಲಿ, ಆಧಾರ್ ಗಂಡನ ಮನೆಯ ಹೆಸರಿನಲ್ಲಿ, ಪಾಸ್‌ಪೋರ್ಟ್ ಯಾವುದೋ ಒಂದರಲ್ಲಿ. ಇದಕ್ಕೆ ಒಂದೇ ದಾರಿ. ಪರೀಕ್ಷೆಯ ದಿನ ಯಾವ ಐಡಿ ತರುತ್ತೀರೋ ಅದನ್ನು ಮೇಜಿನ ಮೇಲಿಟ್ಟುಕೊಂಡು, ಅದರಲ್ಲಿ ಇಂಗ್ಲಿಷಿನಲ್ಲಿ ಹೇಗಿದೆಯೋ ಹಾಗೇ ಅಕ್ಷರ ಅಕ್ಷರ ನೋಡಿ ಹೆಸರು ತುಂಬಿಸಿ. ಪಾಟೀಲ ಅನ್ನುವುದನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ನಿಮಗೆ ಯಾವುದು ಇಷ್ಟ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಐಡಿಯಲ್ಲಿ ಏನಿದೆ ಅನ್ನುವುದೇ ಲೆಕ್ಕ. ಅಕೌಂಟಿನಲ್ಲಿ ಈಗಾಗಲೇ ತಪ್ಪಿದ್ದರೆ ಪರೀಕ್ಷೆ ನಡೆಸುವ ಕಂಪನಿಗೆ ಬರೆದು ಸರಿ ಮಾಡಿಸಿಕೊಳ್ಳಿ, ಆಮೇಲೆ ಬುಕ್ ಮಾಡಿ. ತಿದ್ದುಪಡಿಗೆ ಕೆಲವು ದಿನ ಹಿಡಿಯುತ್ತದೆ. ಹಿಂದಿನ ದಿನ ಸಂಜೆ ನಮಗೆ ಫೋನ್ ಮಾಡಿ ಕೇಳಿದರೆ ನಮ್ಮ ಕೈಯಲ್ಲಿ ಏನೂ ಆಗುವುದಿಲ್ಲ. ಸೆಂಟರಿನಲ್ಲಿ ಕೂತು ಯಾರ ಹೆಸರನ್ನೂ ತಿದ್ದಲು ಬರುವುದಿಲ್ಲ.

ಐಡಿ ಅಂದರೆ ಅಸಲಿಯೇ. ಜೆರಾಕ್ಸ್ ಅಲ್ಲ, ಮೊಬೈಲಿನಲ್ಲಿರುವ ಫೋಟೋ ಅಲ್ಲ. ಅವಧಿ ಮುಗಿದಿರಬಾರದು. ಹಲವು ಕಂಪನಿಗಳು ಫೋಟೋ ಜೊತೆ ಸಹಿಯೂ ಇರುವ ಐಡಿ ಕೇಳುತ್ತವೆ, ಕೆಲವು ಎರಡು ಐಡಿ ಕೇಳುತ್ತವೆ. ಆಧಾರ್ ಕಾರ್ಡಿನಲ್ಲಿ ನಿಮ್ಮ ಸಹಿ ಇರುವುದಿಲ್ಲ ಅಲ್ವಾ? ಅದಕ್ಕೇ ಪಾಸ್‌ಪೋರ್ಟ್ ಇದ್ದವರು ಅದನ್ನೇ ತನ್ನಿ ಅನ್ನುತ್ತೇನೆ. ಇಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸ್. ಬುಕ್ ಮಾಡಿದ ಮೇಲೆ ಬರುವ ಮೇಲ್‌ನಲ್ಲಿ ಯಾವ ಐಡಿ ನಡೆಯುತ್ತದೆ ಅಂತ ಬರೆದಿರುತ್ತಾರೆ. ಆ ಮೇಲ್ ಅನ್ನು ತಾರೀಖು, ಟೈಮ್ ನೋಡಿ ಮುಚ್ಚಿಬಿಡುವವರೇ ಜಾಸ್ತಿ. ಕೆಳಗಿನವರೆಗೂ ಓದಿ.

ಬರುವ ದಿನ

ಅರ್ಧ ಗಂಟೆ ಮೊದಲು ಬನ್ನಿ. ಫೋಟೋ, ಸಹಿ, ನಿಯಮದ ಹಾಳೆ ಓದುವುದು, ಲಾಕರಿನಲ್ಲಿ ಸಾಮಾನು ಇಡುವುದು, ಇಷ್ಟಕ್ಕೇ ಹದಿನೈದು ನಿಮಿಷ ಬೇಕು. ಹದಿನೈದು ನಿಮಿಷಕ್ಕಿಂತ ಜಾಸ್ತಿ ತಡವಾದರೆ ಒಳಗೆ ಬಿಡದೇ ಇರುವ ಅಧಿಕಾರ ಸೆಂಟರಿಗಿದೆ. ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ ಮೇಲೆ ಬಸ್ಸಿನಲ್ಲಿ ಬರುವವರು ಬೆಳಗಿನ ಸ್ಲಾಟ್ ತೆಗೆದುಕೊಳ್ಳಬೇಡಿ. ಮಧ್ಯಾಹ್ನದ್ದು ತೆಗೆದುಕೊಳ್ಳಿ. ವಿಜಯಪುರದವರು ಹಿಂದಿನ ರಾತ್ರಿಯೇ ಬಂದು ಉಳಿಯುವುದು ಒಳ್ಳೆಯದು. ಟಿಳಕವಾಡಿ ಕಡೆ ಹೋಗುವವರು ರೈಲ್ವೆ ಗೇಟ್ ಬಿದ್ದಿರಬಹುದು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ನು ನವೆಂಬರ್ 1ರಂದು ಪರೀಕ್ಷೆ ಬುಕ್ ಮಾಡುವ ಧೈರ್ಯ ಬೇಡ. ರಾಜ್ಯೋತ್ಸವದ ಮೆರವಣಿಗೆಯ ದಿನ ಚನ್ನಮ್ಮ ವೃತ್ತ ದಾಟುವುದು ನಮ್ಮಂಥ ಇಲ್ಲಿಯವರಿಗೇ ಆಗುವುದಿಲ್ಲ. ಗಣಪತಿ ಕಳಿಸುವ ದಿನವೂ ಅಷ್ಟೇ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಹೈವೇ ಕಡೆಯಿಂದ ಬರುವವರು ಇನ್ನೊಂದಿಷ್ಟು ಟೈಮ್ ಕೈಯಲ್ಲಿಟ್ಟುಕೊಳ್ಳಿ, ಲಾಡ್ಜುಗಳೂ ಸಿಗುವುದು ಕಷ್ಟ.

ಬರಲು ಆಗುವುದೇ ಇಲ್ಲ ಅಂತ ಗೊತ್ತಾದರೆ ಸುಮ್ನೆ ಕೂರಬೇಡಿ. ಸಿಸ್ಕೋ, ಮೈಕ್ರೋಸಾಫ್ಟ್, ಎಡಬ್ಲ್ಯೂಎಸ್ ಪರೀಕ್ಷೆಗಳನ್ನು 24 ಗಂಟೆ ಮುಂಚೆಯವರೆಗೆ ಬೇರೆ ದಿನಕ್ಕೆ ಹಾಕಿಕೊಳ್ಳಬಹುದು. ಅದು ದಾಟಿದ ಮೇಲೆ ಫೀಸು ಹೋದಂತೆಯೇ.

ಬೆಳಗಾವಿಯ ಮಳೆಗಾಲ ಗೊತ್ತೇ ಇದೆ. ಜೂನಿನಿಂದ ಜಿಟಿಜಿಟಿ, ಒಳಗೆ ಎಸಿ ಬೇರೆ. ಜಾಕೆಟ್ ಹಾಕಿಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಕಿಸೆ ಇಲ್ಲದ ತೆಳು ಸ್ವೆಟರ್ ಹಾಕಿಕೊಂಡು ಬನ್ನಿ, ಪರೀಕ್ಷೆ ಮುಗಿಯುವವರೆಗೆ ಮೈಮೇಲೇ ಇರಲಿ. ಮಧ್ಯೆ ಬಿಚ್ಚುವುದು, ಕುರ್ಚಿಗೆ ನೇತು ಹಾಕುವುದು ಬೇಡ.

ಕಿಸೆ, ಕೈಗಡಿಯಾರ, ಭಂಡಾರ

ಒಳಗೆ ಹೋಗುವ ಮುಂಚೆ ನಾವು ಕಿಸೆ ಹೊರಗೆ ಮಗುಚಿಸುತ್ತೇವೆ. ತೋಳು ಮೇಲೆ ಮಾಡಿಸುತ್ತೇವೆ, ಕನ್ನಡಕ ತೆಗೆಸಿ ನೋಡುತ್ತೇವೆ. ಇದರಲ್ಲಿ ಅವಮಾನ ಅಂದುಕೊಳ್ಳುವಂಥದ್ದು ಏನೂ ಇಲ್ಲ, ಎಲ್ಲರಿಗೂ ಇದೇ. ಮೊನ್ನೆ ಒಬ್ಬ ಹುಡುಗನ ಕಿಸೆಯಿಂದ ಬಂದದ್ದು ಇಷ್ಟು: ಬಸ್ ಟಿಕೆಟ್, ಎರಡು ಚಾಕಲೇಟು, ಮಡಚಿದ ನೋಟು, ಪೆನ್ನಿನ ಕ್ಯಾಪು, ಸವದತ್ತಿ ಯಲ್ಲಮ್ಮನ ಭಂಡಾರದ, ಅಂದರೆ ಪ್ರಸಾದದ ಅರಿಶಿನ ಪುಡಿಯ, ಸಣ್ಣ ಪೊಟ್ಟಣ. ಪೊಟ್ಟಣ ಟ್ರೇಗೆ ಹಾಕುವಾಗ ಅವನ ಮುಖ ಸಣ್ಣದಾಯಿತು. "ಅವ್ವ ಕೊಟ್ಟಾಳ್ರಿ ಮೇಡಮ್ಮಾರ" ಅಂದ. ಪೊಟ್ಟಣ ಬಿಚ್ಚಿ ಹಣೆಗೆ ಹಚ್ಚಿಕೊಂಡು ಹೋಗು, ಕಾಗದ ಮಾತ್ರ ಲಾಕರಿನಲ್ಲಿರಲಿ ಅಂದೆ. ಹಣೆಯ ಮೇಲಿನ ಭಂಡಾರಕ್ಕೆ ಯಾವ ಕಂಪನಿಯ ತಕರಾರೂ ಇಲ್ಲ. ತಕರಾರು ಇರುವುದು ಕಾಗದಕ್ಕೆ. ಯಾವ ಕಾಗದವಾದರೂ ಅಷ್ಟೇ, ಬಸ್ ಟಿಕೆಟ್ ಕೂಡ. ಕ್ಯಾಮೆರಾದಲ್ಲಿ ಕೈಯಲ್ಲೊಂದು ಚೀಟಿ ಕಂಡರೆ ಅದು ಸಾರಿಗೆ ಸಂಸ್ಥೆಯದೋ ಇನ್ನೊಂದೋ ಅಂತ ಯಾರಿಗೆ ತಿಳಿಯಬೇಕು?

ಕೈಗಡಿಯಾರದ ಬಗ್ಗೆ ನಡೆಯುವಷ್ಟು ಚೌಕಾಸಿ ಬೇರೆ ಯಾವುದಕ್ಕೂ ನಡೆಯುವುದಿಲ್ಲ. "ಸ್ಮಾರ್ಟ್ ವಾಚ್ ಅಲ್ರಿ, ಬರೇ ಟೈಮ್ ನೋಡಾಕ್ ರೀ." ಮುಳ್ಳಿನ ಗಡಿಯಾರವೂ ಬೇಡ. ಪರದೆಯ ಮೇಲೇ ಉಳಿದ ಸಮಯ ಓಡುತ್ತಿರುತ್ತದೆ. ಫೋನ್ ಸ್ವಿಚ್ ಆಫ್ ಮಾಡಿ ಲಾಕರಿನಲ್ಲಿಡಿ. ಸೈಲೆಂಟ್ ಸಾಲದು, ಅಲಾರಂ ಹೊಡೆದುಕೊಂಡರೆ ಕೂತ ಎಲ್ಲರ ತಲೆ ಕೆಡುತ್ತದೆ. ದಪ್ಪ ಆಭರಣ, ದೊಡ್ಡ ಹೇರ್ ಕ್ಲಿಪ್ ಮನೆಯಲ್ಲೇ ಬಿಟ್ಟು ಬನ್ನಿ. ತಲೆಗೆ ವಸ್ತ್ರ ಹೊದೆಯುವವರು ಹಾಗೇ ಬರಬಹುದು, ಮಹಿಳಾ ಸಿಬ್ಬಂದಿ ಮರೆಯಲ್ಲಿ ನೋಡುತ್ತಾರೆ. ಬಾಯಲ್ಲಿ ಎಲೆ ಅಡಿಕೆ, ಗುಟ್ಕಾ ಇಟ್ಟುಕೊಂಡು ಬಂದವರನ್ನು ನಾನು ಬಾಗಿಲಲ್ಲೇ ವಾಪಸ್ ಕಳಿಸಿ ತೊಳೆದುಕೊಂಡು ಬನ್ನಿ ಅನ್ನುತ್ತೇನೆ. ತಿನ್ನುವುದು ಅಗಿಯುವುದು ಒಳಗೆ ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ, ಸಕ್ಕರೆ ಅಳೆಯುವ ಮಾಪಕ ಹತ್ತಿರ ಇಟ್ಟುಕೊಳ್ಳಬೇಕಾದರೆ ಅದಕ್ಕೆ ಅನುಮತಿ ಬೇಕೋ ಬೇಡವೋ ಅಂತ ಬುಕ್ ಮಾಡುವ ಮುಂಚೆಯೇ ಕಂಪನಿಯನ್ನು ಕೇಳಿಕೊಳ್ಳಿ.

ಕೂತ ಮೇಲೆ

ಮೊದಲು ಒಂದು ಒಪ್ಪಂದದ ಪುಟ ಬರುತ್ತದೆ. ಪ್ರಶ್ನೆಗಳನ್ನು ಯಾರಿಗೂ ಹೇಳುವುದಿಲ್ಲ, ಎಲ್ಲೂ ಹಾಕುವುದಿಲ್ಲ ಅಂತ ನೀವು ಒಪ್ಪಬೇಕು. ಅದಕ್ಕೂ ಟೈಮ್ ಇರುತ್ತದೆ. ಒಪ್ಪುವುದಿಲ್ಲ ಅಂತ ಒತ್ತಿದರೆ, ಅಥವಾ ಟೈಮ್ ಮುಗಿಸಿದರೆ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ, ಫೀಸೂ ಹೋಗುತ್ತದೆ. ಕಂಪನಿಗಳು ಈ ಒಪ್ಪಂದವನ್ನು ಮೊದಲೇ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಮನೆಯಲ್ಲೇ ಸಮಾಧಾನವಾಗಿ ಓದಿಕೊಂಡು ಬನ್ನಿ.

ಬರೆದುಕೊಳ್ಳಲು ನಾವೇ ಒಂದು ಒರೆಸುವ ಹಾಳೆ, ಮಾರ್ಕರ್ ಕೊಡುತ್ತೇವೆ. ಪ್ಲಾಸ್ಟಿಕ್ ಹೊದಿಕೆಯ ಹಾಳೆ ಅದು, ಮಾರ್ಕರಿನ ತುದಿ ಸ್ವಲ್ಪ ದಪ್ಪ. ಸಿಸಿಎನ್ಎ ಹುಡುಗರು ನೆಟ್‌ವರ್ಕನ್ನು ಸಣ್ಣ ಭಾಗ ಮಾಡುವ ಸಬ್‌ನೆಟ್ ಲೆಕ್ಕವನ್ನು ಮೂಲೆಯಲ್ಲಿ ಒತ್ತೊತ್ತಾಗಿ ಬರೆಯಲು ಹೋಗುತ್ತಾರೆ, ಮೂರು ಸಾಲು ಬರೆಯುವಷ್ಟರಲ್ಲಿ ಒಂದರ ಮೇಲೊಂದು ಹತ್ತಿ ಏನೂ ಓದಲಾಗುವುದಿಲ್ಲ. ಮನೆಯಲ್ಲಿ ಒಮ್ಮೆ ದಪ್ಪ ಮಾರ್ಕರಿನಲ್ಲಿ ಬರೆದು ನೋಡಿ. ಮಾರ್ಕರ್ ಕೈಗೆ ಬಂದ ಕೂಡಲೇ ತಲೆಯಲ್ಲಿರುವ ಟೇಬಲ್ಲನ್ನೆಲ್ಲ ಸುರಿಯಲು ಶುರು ಮಾಡುವವರಿದ್ದಾರೆ. ತಾಳಿ. ಪರೀಕ್ಷೆಯ ಗಡಿಯಾರ ಓಡಲು ಶುರುವಾಗುವ ಮುಂಚೆ ಏನೂ ಬರೆಯಬೇಡಿ. ಹಾಳೆ ತುಂಬಿದರೆ ಕೈ ಎತ್ತಿ, ಬೇರೆ ಕೊಡುತ್ತೇವೆ. ಹೊರಗೆ ಹೋಗುವಾಗ ಹಾಳೆ ನಮ್ಮ ಕೈಗೇ ಬರಬೇಕು. ನೆನಪಿಗೆ ಅಂತ ಒಯ್ಯುವಂತಿಲ್ಲ.

ಕೈ ಎತ್ತುವುದು ಅಂದೆ. ಇದು ಸಣ್ಣ ವಿಷಯ ಅನ್ನಿಸಬಹುದು, ನನಗೆ ಮಾತ್ರ ದಿನಾ ಎದುರಾಗುವುದು ಇದೇ. ನಮ್ಮ ಹುಡುಗರು ಕೈ ಎತ್ತುತ್ತಾರೆ, ನಾನು ಹತ್ತಿರ ಹೋದ ಕೂಡಲೇ ಎದ್ದು ನಿಲ್ಲುತ್ತಾರೆ! ದೊಡ್ಡವರು ಬಂದಾಗ ಕೂತಿರಬಾರದು ಅಂತ ಮನೆಯಲ್ಲಿ ಕಲಿಸಿದ ಪಾಠ. ಇಲ್ಲಿ ಎದ್ದರೆ ಪಕ್ಕದ ಪರದೆ ಕಾಣುತ್ತದೆ. ಆ ಮರ್ಯಾದೆ ಹೊರಗೆ ಇರಲಿ. ಒಳಗೆ ಕೂತೇ ಇರಿ, ಮೆಲ್ಲಗೆ ಹೇಳಿ. "ಮೇಡಮ್ಮಾರ" ಅಂತ ಕೂಗುವುದು, ಚಿಟಿಕೆ ಹೊಡೆಯುವುದು ಬೇಡ.

ನಾನು ಬಂದ ಮೇಲೆ ಪ್ರಶ್ನೆಯ ಅರ್ಥ ಕೇಳಬೇಡಿ. ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವಂತಿಲ್ಲ. ಕಂಪ್ಯೂಟರ್ ನಿಂತಿತು, ಮೌಸ್ ಓಡುತ್ತಿಲ್ಲ, ಪಕ್ಕದಲ್ಲಿ ಸದ್ದು, ಚಳಿ, ಇಂಥದ್ದಕ್ಕೆ ಕರೆಯಿರಿ. ಪರದೆ ಹೆಪ್ಪುಗಟ್ಟಿದರೆ ನೀವೇ ಬಟನ್ ಒತ್ತಿ ರೀಸ್ಟಾರ್ಟ್ ಮಾಡಲು ಹೋಗಬೇಡಿ. ಸಾಮಾನ್ಯವಾಗಿ ನಿಮ್ಮ ಉತ್ತರಗಳು ಉಳಿದಿರುತ್ತವೆ, ನಾವು ಮತ್ತೆ ತೆರೆದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅಂಥದ್ದೇನಾದರೂ ಆದರೆ ನಾವು ವರದಿ ಕಳಿಸುತ್ತೇವೆ. ಅದರ ನಂಬರ್ ಕೇಳಿ ಬರೆದುಕೊಳ್ಳಿ. ಮುಂದೆ ಫೀಸು, ಮರುಪರೀಕ್ಷೆ ಅಂತ ಕಂಪನಿಗೆ ಬರೆಯುವಾಗ ಆ ನಂಬರ್ ಇಲ್ಲದಿದ್ದರೆ ಮಾತಿಗೆ ಬಲ ಇರುವುದಿಲ್ಲ.

ಬಾಯಿ ಬಿಟ್ಟು ಓದುವುದು ಇನ್ನೊಂದು. ಇಂಗ್ಲಿಷ್ ಪ್ರಶ್ನೆ ಉದ್ದವಿದ್ದರೆ ತುಟಿ ಅಲ್ಲಾಡಿಸುತ್ತ ಓದಿ, ಕನ್ನಡದಲ್ಲಿ ತಮಗೆ ತಾವೇ ಹೇಳಿಕೊಳ್ಳುವವರು ತುಂಬ ಜನ. ಪಾಪ, ಅರ್ಥ ಮಾಡಿಕೊಳ್ಳಲು ಅದೇ ಅವರ ದಾರಿ. ಸೆಂಟರಿನಲ್ಲಾದರೆ ನಾನು ಬಂದು ಒಮ್ಮೆ ಎಚ್ಚರಿಸುತ್ತೇನೆ. ಮನೆಯಿಂದ ಬರೆಯುವ ಪರೀಕ್ಷೆಯಲ್ಲಾದರೆ ಇದೇ ಕಾರಣಕ್ಕೆ ಪರೀಕ್ಷೆ ನಿಲ್ಲಿಸಿಬಿಡಬಹುದು. ಅಭ್ಯಾಸ ಪರೀಕ್ಷೆಗಳನ್ನು ಬಾಯಿ ಮುಚ್ಚಿಕೊಂಡೇ ಮಾಡಿ, ಒಂದು ವಾರದಲ್ಲಿ ರೂಢಿಯಾಗುತ್ತದೆ.

ಇಂಗ್ಲಿಷಿನ ಮಾತು ಬಂತು ಅಂತ ಹೇಳುತ್ತೇನೆ, ಇದು ನಮ್ಮ ಕಡೆಯವರಿಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಇಂಗ್ಲಿಷ್ ತಾಯಿನುಡಿ ಅಲ್ಲದವರು ಇಂಗ್ಲಿಷಿನಲ್ಲಿ ಬರೆದರೆ ಎಡಬ್ಲ್ಯೂಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ಆದರೆ ಪರೀಕ್ಷೆ ಬುಕ್ ಮಾಡುವ ಮುಂಚೆಯೇ ಅಕೌಂಟಿನಲ್ಲಿ ಕೇಳಿಕೊಳ್ಳಬೇಕು, ಬುಕ್ ಮಾಡಿ ಆದ ಮೇಲೆ ಕೇಳಿದರೆ ಆ ಪರೀಕ್ಷೆಗೆ ಸಿಗುವುದಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗಿನ ಐಎಸ್‌ಟಿಕ್ಯೂಬಿ ಫೌಂಡೇಶನ್ ಪರೀಕ್ಷೆಯಲ್ಲೂ 60 ನಿಮಿಷದ ಬದಲು 75 ನಿಮಿಷದ ಅವಕಾಶ ಇದೆ. ಕೇಳಲು ನಾಚಿಕೆ ಬೇಡ. ನಿಯಮವೇ ಕೊಟ್ಟದ್ದನ್ನು ತೆಗೆದುಕೊಳ್ಳುವುದರಲ್ಲಿ ತಪ್ಪೇನು?

ಹಾಗೇ ಒಂದೊಂದು ಕಂಪನಿಯ ರೀತಿ ಒಂದೊಂದು. ಸಿಸಿಎನ್ಎ 120 ನಿಮಿಷ, ಅದರಲ್ಲಿ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವಂತಿಲ್ಲ. ಮೈಕ್ರೋಸಾಫ್ಟಿನ ಅಸೋಸಿಯೇಟ್, ಎಕ್ಸ್‌ಪರ್ಟ್ ಮಟ್ಟದ ಪರೀಕ್ಷೆಗಳಲ್ಲಿ 2023ರಿಂದ ಅವರದೇ ಕಲಿಕೆಯ ವೆಬ್‌ಸೈಟಾದ ಮೈಕ್ರೋಸಾಫ್ಟ್ ಲರ್ನ್ ಪುಟಗಳನ್ನು ಪರೀಕ್ಷೆಯ ಒಳಗೇ ತೆರೆದು ನೋಡಬಹುದು, ಆದರೆ ಅದಕ್ಕೆ ಬೇರೆ ಟೈಮ್ ಕೊಡುವುದಿಲ್ಲ. ಫಂಡಮೆಂಟಲ್ಸ್ ಅನ್ನುವ ಆರಂಭದ ಮಟ್ಟದ ಪರೀಕ್ಷೆಗೆ ಆ ಅನುಕೂಲ ಇಲ್ಲ. ಮೈಕ್ರೋಸಾಫ್ಟ್ ಪರೀಕ್ಷೆಯ ಮಧ್ಯೆ ಬ್ರೇಕ್ ತೆಗೆದುಕೊಂಡರೆ ಗಡಿಯಾರ ಓಡುತ್ತಲೇ ಇರುತ್ತದೆ, ಅಲ್ಲಿಯವರೆಗೆ ನೋಡಿದ ಪ್ರಶ್ನೆಗಳಿಗೆ ಮತ್ತೆ ಹೋಗಲೂ ಆಗುವುದಿಲ್ಲ. ಗೆಳೆಯ ಹೇಳಿದ್ದನ್ನು ನಂಬಿ ಬರಬೇಡಿ. ಅವನು ಬರೆದದ್ದು ಬೇರೆ ಕಂಪನಿಯದಿರಬಹುದು. ನಿಮ್ಮ ಪರೀಕ್ಷೆಯ ನಿಯಮ ನೀವೇ ಓದಿ.

ಮನೆಯಿಂದ ಬರೆಯುವುದಾದರೆ

ನಾನು ಹೇಳುವುದು ಕೇಳಿದರೆ, ಸೆಂಟರ್ ಹತ್ತಿರವಿದ್ದವರು ಸೆಂಟರಿಗೇ ಬನ್ನಿ. ಇದರಲ್ಲಿ ನನ್ನ ಹೊಟ್ಟೆಪಾಡೂ ಇದೆ, ಇಲ್ಲ ಅನ್ನುವುದಿಲ್ಲ. ಆದರೂ ನಮ್ಮ ಮನೆಗಳು ಈ ಪರೀಕ್ಷೆಗೆ ಹೇಳಿ ಮಾಡಿಸಿದವಲ್ಲ. ಪರೀಕ್ಷೆ ಮುಗಿಯುವವರೆಗೆ ಕೋಣೆಗೆ ಬೇರೆ ಯಾರೂ ಕಾಲಿಡಬಾರದು. ನಮ್ಮಲ್ಲಿ ಬಾಗಿಲು ಹಾಕಿಕೊಂಡು ಕೂತರೇ ಮನೆಯವರಿಗೆ ಅನುಮಾನ. ಚಹಾ ಹಿಡಿದುಕೊಂಡು ಅತ್ತೆ ಬರುತ್ತಾರೆ, ಚಾರ್ಜರ್ ಹುಡುಕುತ್ತ ತಮ್ಮ ಬರುತ್ತಾನೆ, ಕಾಕಾನ ಮಗು ಬಾಗಿಲು ಬಡಿಯುತ್ತದೆ. ಯಾರಾದರೂ ಒಳಗೆ ಬಂದು "ಊಟ ಮಾಡ್ತೀ ಏನ?" ಅಂದರೆ ಸಾಕು, ಪರೀಕ್ಷೆ ಅಲ್ಲಿಗೇ ನಿಲ್ಲಬಹುದು. ಹಿಂದಿನ ದಿನವೇ ಮನೆಯವರನ್ನೆಲ್ಲ ಕೂರಿಸಿ ಹೇಳಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ. ಹೊರಗೆ ಒಬ್ಬರನ್ನು ಕಾವಲಿಗೆ ಕೂರಿಸಿದರೆ ಇನ್ನೂ ಒಳ್ಳೆಯದು, ಈ ಕೆಲಸಕ್ಕೆ ಅಜ್ಜಿಯಂದಿರಷ್ಟು ಗಟ್ಟಿ ಯಾರೂ ಇಲ್ಲ.

ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು ಏನೂ ಇರಬಾರದು. ಪುಸ್ತಕ, ಪೆನ್ನು, ಕಾಗದ, ಎರಡನೇ ಮಾನಿಟರ್, ಇಯರ್‌ಫೋನ್ ಎಲ್ಲ ತೆಗೆಯಿರಿ. ಗೋಡೆಯ ಮೇಲೆ ಸೂತ್ರಗಳ ಚಾರ್ಟ್ ಅಂಟಿಸಿದ್ದರೆ ಅದನ್ನೂ ಕಿತ್ತುಬಿಡಿ. ಪರೀಕ್ಷೆಗೆ ಅರ್ಧ ಗಂಟೆ ಮುಂಚೆ ಚೆಕ್ ಇನ್ ತೆರೆಯುತ್ತದೆ. ಐಡಿಯ ಫೋಟೋ, ನಿಮ್ಮ ಫೋಟೋ, ಕೋಣೆಯ ನಾಲ್ಕೂ ಕಡೆಯ ಫೋಟೋ ಕಳಿಸಬೇಕು. ಅದಕ್ಕೆ ಫೋನ್ ಬಳಸಿದರೆ, ಆದ ಮೇಲೆ ಕೈಗೆ ಎಟುಕದಷ್ಟು ದೂರ ಇಡಿ. ಕ್ಯಾಮೆರಾದ ಚೌಕಟ್ಟಿನಿಂದ ಮುಖ ಆಚೆ ಹೋಗಬಾರದು. ಗಲ್ಲಕ್ಕೆ ಕೈ ಕೊಟ್ಟು ಬಾಯಿ ಮುಚ್ಚಿಕೊಂಡು ಯೋಚಿಸುವ ಅಭ್ಯಾಸ ಇದೆಯಾ? ಅದೂ ಬೇಡ. ಬಾಯಿ ಮರೆಯಾದರೆ ಮಾತಾಡುತ್ತಿದ್ದೀರಿ ಅಂತ ಅನುಮಾನ. ಮೇಲೆ ಫ್ಯಾನ್ ನೋಡುತ್ತ ಲೆಕ್ಕ ಹಾಕುವವರು ಪರದೆ ನೋಡುತ್ತಲೇ ಲೆಕ್ಕ ಹಾಕುವುದನ್ನು ರೂಢಿ ಮಾಡಿಕೊಳ್ಳಿ.

ಕರೆಂಟಿನ ವಿಷಯ. ರಿಪೇರಿಗೆ ಅಂತ ಕರೆಂಟ್ ತೆಗೆಯುವ ದಿನಗಳನ್ನು ಹೆಸ್ಕಾಂ ಪೇಪರಿನಲ್ಲಿ ಹಾಕುತ್ತದೆ, ಹಿಂದಿನ ದಿನ ನೋಡಿಕೊಳ್ಳಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ, ವೈಫೈ ರೌಟರಿಗೆ ಇರುವುದಿಲ್ಲ. ಇನ್ವರ್ಟರ್ ಲೈನಿಗೆ ರೌಟರ್ ಸಿಕ್ಕಿಸಿ. ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರಲ್ಲಿರುವ ವಿಪಿಎನ್, ಫೈರ್‌ವಾಲ್ ಪರೀಕ್ಷೆಯ ಸಾಫ್ಟ್‌ವೇರನ್ನು ತಡೆಯುತ್ತವೆ. ಯಾವ ಕೋಣೆ, ಯಾವ ಲ್ಯಾಪ್‌ಟಾಪ್, ಯಾವ ನೆಟ್ ಬಳಸುತ್ತೀರೋ ಅದರಲ್ಲೇ ಮುಂಚಿತವಾಗಿ ಸಿಸ್ಟಮ್ ಟೆಸ್ಟ್ ಮಾಡಿ.

ಡಂಪ್ ಮತ್ತು "ಪಾಸಾದ ಮೇಲೆ ದುಡ್ಡು"

ಈಗ ಕಹಿ ಮಾತು. ಡಂಪ್ ಅಂತ ಸಿಗುವುದು ಏನು? ಯಾರೋ ಒಪ್ಪಂದ ಮುರಿದು ಹೊರಗೆ ತಂದ ಅಸಲಿ ಪ್ರಶ್ನೆಗಳು, ಅವುಗಳ ಜೊತೆ ಅರ್ಧಂಬರ್ಧ ತಪ್ಪು ಉತ್ತರಗಳು. ಅದನ್ನು ಓದಿ ಬರುವುದೂ ನಿಯಮ ಮುರಿದಂತೆಯೇ. "ಎಲ್ಲಾರೂ ಓದತಾರ್ರಿ" ಅನ್ನುತ್ತಾರೆ. ಇರಬಹುದು. ಆದರೆ ಕಂಪನಿಗಳು ಉತ್ತರದ ಜೊತೆ ಒಂದೊಂದು ಪ್ರಶ್ನೆಗೆ ತೆಗೆದುಕೊಂಡ ಸಮಯವನ್ನೂ ನೋಡುತ್ತವೆ. ಅರ್ಧ ಪುಟದ ಪ್ರಶ್ನೆಯನ್ನು ಓದಲೂ ಆಗದಷ್ಟು ಬೇಗ ಉತ್ತರಿಸಿದರೆ ಅದು ಎದ್ದು ಕಾಣುತ್ತದೆ. ಫಲಿತಾಂಶ ತಡೆಹಿಡಿಯಬಹುದು, ಕೊಟ್ಟ ಸರ್ಟಿಫಿಕೇಟನ್ನೂ ಆಮೇಲೆ ರದ್ದು ಮಾಡಬಹುದು, ಮುಂದೆ ಅವರ ಯಾವ ಪರೀಕ್ಷೆಗೂ ಕೂರದಂತೆ ನಿಷೇಧ ಹಾಕಬಹುದು. ಅಸಲಿ ಅಭ್ಯಾಸ ಪ್ರಶ್ನೆ ಯಾವುದು, ಡಂಪ್ ಯಾವುದು ಅಂತ ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. "ನಿಜವಾದ ಪರೀಕ್ಷೆಯದೇ ಪ್ರಶ್ನೆ, ಪಾಸ್ ಗ್ಯಾರಂಟಿ" ಅಂತ ಮಾರುತ್ತಿದ್ದರೆ ಡಂಪ್. ಮೈಕ್ರೋಸಾಫ್ಟ್, ಎಡಬ್ಲ್ಯೂಎಸ್ ತಮ್ಮದೇ ಅಭ್ಯಾಸ ಪ್ರಶ್ನೆಗಳನ್ನು ಪುಕ್ಕಟೆ ಕೊಡುತ್ತವೆ. ಅವೇ ಸಾಕಷ್ಟಿವೆ.

ಇನ್ನು ವಾಟ್ಸ್ಆಪಿಗೆ ಬರುವ ಮೆಸೇಜು: ನೀವು ಸುಮ್ನೆ ಕ್ಯಾಮೆರಾ ಮುಂದೆ ಕೂರಿ, ನಾವೇ ಬರೆಯುತ್ತೇವೆ, ಪಾಸಾದ ಮೇಲೆ ದುಡ್ಡು ಕೊಡಿ. ಲ್ಯಾಪ್‌ಟಾಪ್ ಹಿಡಿತ ಅವರ ಕೈಗೆ, ನಿಮ್ಮ ಐಡಿಯ ಫೋಟೋ ಅವರ ಹತ್ತಿರ. ನಾಳೆ ಅವರು ಇನ್ನಷ್ಟು ದುಡ್ಡು ಕೇಳಿದರೆ, ಇಲ್ಲದಿದ್ದರೆ ಕಂಪನಿಗೆ ತಿಳಿಸುತ್ತೇವೆ ಅಂದರೆ, ಯಾರ ಹತ್ತಿರ ದೂರು ಹೇಳುತ್ತೀರಿ? ಸೆಂಟರಿಗೆ ಬೇರೆಯವರನ್ನು ಕಳಿಸುವುದಂತೂ ಹುಚ್ಚುತನ. ಫೋಟೋ, ಸಹಿ ಎರಡೂ ಪ್ರತಿ ಸಲ ಮೇಲಕ್ಕೆ ಹೋಗುತ್ತವೆ.

ಹೊರಗೆ ಬಂದ ಮೇಲೆ

ನಮ್ಮ ಮೆಟ್ಟಿಲ ಹತ್ತಿರ ದಿನಾ ಕೇಳುವ ಪ್ರಶ್ನೆ ಇದು: "ಏನೇನ್ ಬಂದಿತ್ತೋ?" ಕೇಳುವವನಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಅವನದು ಮುಂದಿನ ವಾರ ಪರೀಕ್ಷೆ. ಹೇಳುವವನಿಗೂ ಗೆದ್ದ ಖುಷಿ. ಆದರೆ ಅರ್ಧ ದಿನದ ಹಿಂದೆ ಒಪ್ಪಿದ ಒಪ್ಪಂದ ಅಲ್ಲೇ ಮುರಿಯುತ್ತದೆ. ಕ್ಲಾಸಿನ ವಾಟ್ಸ್ಆಪ್ ಗ್ರೂಪಿನಲ್ಲಿ ನೆನಪಿರುವ ಪ್ರಶ್ನೆ ಬರೆದರೆ ಅದು ನಿಮ್ಮ ನಂಬರಿನಿಂದಲೇ ಹೋದ ದಾಖಲೆ. ಇದರಲ್ಲಿ ಕೋಚಿಂಗ್ ಸರ್‌ಗಳ ತಪ್ಪೂ ಇದೆ. ಬರೆದು ಬಂದವರಿಂದ ಪ್ರಶ್ನೆ ಸಂಗ್ರಹಿಸುವುದನ್ನು ಅವರು ಸೇವೆ ಅಂದುಕೊಂಡಿದ್ದಾರೆ.

ಹಾಗಂತ ಗೆಳೆಯನಿಗೆ ಏನೂ ಹೇಳಬಾರದು ಅಂತಲ್ಲ. ಕಂಪನಿಯೇ ಹೊರಗೆ ಹಾಕಿದ ಪಠ್ಯದ ಪಟ್ಟಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಸಿಸಿಎನ್ಎಯಲ್ಲಿ ಐಪಿ ಕನೆಕ್ಟಿವಿಟಿಗೆ, ಅಂದರೆ ಮುಖ್ಯವಾಗಿ ರೌಟಿಂಗಿಗೆ, ಶೇ. 25, ನೆಟ್‌ವರ್ಕ್ ಮೂಲಪಾಠಗಳಿಗೆ ಶೇ. 20, ಭದ್ರತೆಗೆ ಶೇ. 15 ಅಂತ ಸಿಸ್ಕೋದವರೇ ಬರೆದಿದ್ದಾರೆ. ರೌಟಿಂಗ್ ಗಟ್ಟಿ ಮಾಡಿಕೋ, ಟೈಮ್ ಸಾಲಲಿಲ್ಲ, ಒಳಗೆ ಬಹಳ ಚಳಿ ಇತ್ತು, ಇದೆಲ್ಲ ಹೇಳಬಹುದು. ಇಂಥ ಪ್ರಶ್ನೆ ಬಂತು, ಉತ್ತರ ಇದು ಅನ್ನುವುದು ಕೂಡದು.

ಕಾಲೇಜಿನವರಿಗೆ ಎನ್‌ಪಿಟಿಇಎಲ್, ಅಂದರೆ ಐಐಟಿಗಳು ನಡೆಸುವ ಆನ್‌ಲೈನ್ ಕೋರ್ಸುಗಳ ಬಗ್ಗೆ ಎರಡೇ ಮಾತು. ಹಾಲ್ ಟಿಕೆಟ್ ಮೊಬೈಲಿನಲ್ಲಿ ತೋರಿಸಿದರೆ ನಡೆಯುವುದಿಲ್ಲ, ಪ್ರಿಂಟ್ ತನ್ನಿ, ಜೊತೆಗೆ ಅಸಲಿ ಐಡಿ. ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. 25ರಲ್ಲಿ 10, 75ರಲ್ಲಿ 30 ಎರಡೂ ಬಂದರೆ ಮಾತ್ರ ಸರ್ಟಿಫಿಕೇಟ್. ಅಸೈನ್‌ಮೆಂಟ್ ಪಕ್ಕದವನದು ನೋಡಿ ತುಂಬಿಸಿದವರು ಪರೀಕ್ಷೆಯ ಹಾಲಿನಲ್ಲಿ ಪೇಚಾಡುವುದನ್ನು ನೋಡುತ್ತಲೇ ಇರುತ್ತೇನೆ.

ಪಾಸಾಗದಿದ್ದರೆ ನನ್ನ ಹತ್ತಿರ ವಾದ ಮಾಡಿ ಫಲವಿಲ್ಲ. ಅಂಕ ಹಾಕುವುದು ಸೆಂಟರ್ ಅಲ್ಲ. ಪ್ರಿಂಟ್ ಕೊಡುವ ಪರೀಕ್ಷೆಯಾದರೆ ಅದನ್ನು ತೆಗೆದುಕೊಳ್ಳಿ, ಯಾವ ಭಾಗದಲ್ಲಿ ಹಿಂದೆ ಬಿದ್ದಿರಿ ಅಂತ ಅದರಲ್ಲಿರುತ್ತದೆ. ಮತ್ತೆ ಬರೆಯಲು ಸಿಸ್ಕೋದ ಅಸೋಸಿಯೇಟ್ ಮಟ್ಟಕ್ಕೆ 5 ದಿನ ಕಾಯಬೇಕು, ಬರೆದ ಮರುದಿನದಿಂದ ಲೆಕ್ಕ. ಎಡಬ್ಲ್ಯೂಎಸ್‌ಗೆ 14 ದಿನ. ಮೈಕ್ರೋಸಾಫ್ಟಿಗೆ ಮೊದಲ ಸಲ ಫೇಲಾದರೆ 24 ಗಂಟೆ, ಆಮೇಲೆ ಪ್ರತಿ ಸಲ 14 ದಿನ. ಕಾಂಪ್‌ಟಿಯಾಗೆ ಎರಡನೇ ಸಲಕ್ಕೆ ಕಾಯಬೇಕಿಲ್ಲ, ಮೂರನೇ ಸಲಕ್ಕೆ 14 ದಿನ. ಈ ಅವಧಿ ತಪ್ಪಿಸಲು ಬೇರೆ ಮೇಲ್ ಐಡಿಯಲ್ಲಿ ಇನ್ನೊಂದು ಅಕೌಂಟ್ ತೆರೆಯುವವರಿದ್ದಾರೆ. ಅದೂ ನಿಯಮ ಮುರಿದಂತೆಯೇ, ಫೋಟೋ ಮತ್ತು ಐಡಿ ಒಂದೇ ಆದ್ದರಿಂದ ಸಿಕ್ಕಿಯೂ ಬೀಳುತ್ತಾರೆ. ಹಳೆಯ ಅಕೌಂಟಿನಿಂದಲೇ ಬುಕ್ ಮಾಡಿ, ಹೋಗುವಾಗ ಲಾಕರಿನ ಕೀಲಿ ಕೊಟ್ಟು ಹೋಗಿ.